ಹಳೆಯ ಕಾರಿನ ಆಕ್ಸಿಲರೇಟರ್ ಕೇಬಲ್ ಬಿಗಿಯಾದರೆ: ದೋಷ ಹುಡುಕುವ ಮತ್ತು ಸರಿಪಡಿಸುವ ಕ್ರಮ

ಆಕ್ಸಿಲರೇಟರ್ ಪೆಡಲ್ ಒತ್ತಲು ಹೆಚ್ಚು ಬಲ ಬೇಕಾಗಿದೆ ಎನ್ನುವುದು ಅರ್ಧ ದೂರು ಮಾತ್ರ. ಕಾಲು ತೆಗೆದ ಕೂಡಲೇ ಅದು ತಾನಾಗಿ ಪೂರ್ತಿ ಹಿಂದಕ್ಕೆ ಬರುತ್ತಿದೆಯೇ ಎನ್ನುವುದು ಇನ್ನರ್ಧ. ಅಪಾಯವಿರುವುದು ಈ ಎರಡನೆಯದರಲ್ಲಿ. ಪೆಡಲ್ ಗಟ್ಟಿಯಾಗಿದ್ದರೆ ಕಾಲು ನೋಯುತ್ತದೆ, ಅಷ್ಟೆ. ಥ್ರಾಟಲ್ (ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಬಿಲ್ಲೆ) ತೆರೆದುಕೊಂಡೇ ಉಳಿದರೆ ಕಾರು ನಿಮ್ಮ ಮಾತು ಕೇಳುವುದಿಲ್ಲ. ಬ್ರೇಕ್‌ಗೂ ಸ್ಟೀರಿಂಗ್‌ಗೂ ಕೊಡುವಷ್ಟೇ ಗಮನವನ್ನು ಪೆಡಲನ್ನು ಥ್ರಾಟಲ್‌ಗೆ ಜೋಡಿಸುವ ಈ ತೆಳುವಾದ ತಂತಿಗೂ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ಮೊದಲು ಒಂದು ಎಚ್ಚರಿಕೆ. ಪೆಡಲ್ ಒಮ್ಮೆಯಾದರೂ ಅರ್ಧದಲ್ಲೇ ನಿಂತಿದ್ದರೆ, ದುರಸ್ತಿಯಾಗುವವರೆಗೆ ಕಾರನ್ನು ರಸ್ತೆಗೆ ಇಳಿಸಬೇಡಿ. ಓಡಿಸುತ್ತಿರುವಾಗಲೇ ಹಾಗಾದರೆ ಕ್ಲಚ್ ಒತ್ತಿ, ಬ್ರೇಕನ್ನು ಒಂದೇ ಬಾರಿ ಬಲವಾಗಿ ಒತ್ತಿ ಹಿಡಿಯಿರಿ. ಪದೇ ಪದೇ ಒತ್ತಿ ಬಿಡಬೇಡಿ: ಥ್ರಾಟಲ್ ಪೂರ್ತಿ ತೆರೆದಿರುವಾಗ ಎಂಜಿನ್ನಿನಲ್ಲಿ ನಿರ್ವಾತ ಬಹಳ ಕಡಿಮೆ ಇರುತ್ತದೆ. ನಿರ್ವಾತದಿಂದ ಕೆಲಸ ಮಾಡುವ ಬ್ರೇಕ್ ಬೂಸ್ಟರ್ ಇದ್ದರೆ, ಅದರಲ್ಲಿ ಉಳಿದಿರುವ ಸಹಾಯವೂ ಎರಡು ಮೂರು ಒತ್ತಿಗೆ ಮುಗಿದುಹೋಗುತ್ತದೆ. ಆಮೇಲೆ ಇಗ್ನಿಷನ್ ಆಫ್ ಮಾಡಿ. ಸ್ಟೀರಿಂಗ್ ಲಾಕ್ ಇರುವ ಕಾರಿನಲ್ಲಿ ಚಲಿಸುತ್ತಿರುವಾಗ ಕೀಲಿಯನ್ನು ಹೊರಗೆ ತೆಗೆಯಲೇಬಾರದು.

ಬಿಗಿತ ಎಲ್ಲಿಂದ ಬರುತ್ತದೆ

ಈ ಬಗೆಯ ಕೇಬಲ್‌ಗೆ ಬೌಡನ್ ಕೇಬಲ್ ಎಂದು ಹೆಸರು. ಅರ್ನೆಸ್ಟ್ ಬೌಡನ್ ಇದಕ್ಕೆ ಬ್ರಿಟನ್ನಿನಲ್ಲಿ 1896ರಲ್ಲಿ ಪೇಟೆಂಟ್ ಪಡೆದರು. ರಚನೆ ಸರಳ. ಒಳಗೆ ಹಲವು ಎಳೆಗಳನ್ನು ಹೊಸೆದು ಮಾಡಿದ ಉಕ್ಕಿನ ತಂತಿ. ಹೊರಗೆ ಸುರುಳಿಯಾಗಿ ಸುತ್ತಿದ ಉಕ್ಕಿನ ಕವಚ, ಅದರ ಮೇಲೆ ಪ್ಲಾಸ್ಟಿಕ್ ಅಥವಾ ಬಟ್ಟೆಯ ಹೊದಿಕೆ. ಕೆಲವು ಕೇಬಲ್‌ಗಳಲ್ಲಿ ಕವಚದ ಒಳಗೆ ನೈಲಾನ್ ಅಥವಾ ಪಿಟಿಎಫ್‌ಇಯ (ಟೆಫ್ಲಾನ್ ಎಂಬ ಜಾರುವ ಪ್ಲಾಸ್ಟಿಕ್) ತೆಳು ಕೊಳವೆ ಇರುತ್ತದೆ. ಬಹಳ ಹಳೆಯವುಗಳಲ್ಲಿ ಅದಿಲ್ಲ, ಉಕ್ಕಿನ ಮೇಲೆ ಉಕ್ಕೇ ಉಜ್ಜುತ್ತದೆ.

ನೇರವಾದ ಕೇಬಲ್‌ನಲ್ಲಿ ಘರ್ಷಣೆ ಇಲ್ಲವೆನ್ನುವಷ್ಟು ಕಡಿಮೆ. ತೊಂದರೆ ಹುಟ್ಟುವುದು ತಿರುವುಗಳಲ್ಲಿ. ತಂತಿ ಒಟ್ಟು ಎಷ್ಟು ಡಿಗ್ರಿ ತಿರುಗುತ್ತದೆ ಎಂಬುದರ ಮೇಲೆ ಬಲದ ನಷ್ಟ ಗುಣಾಕಾರದಲ್ಲಿ ಏರುತ್ತದೆ. ಒಣಗಿ ತುಕ್ಕು ಹಿಡಿದ ತಂತಿಯ ಘರ್ಷಣಾಂಕ (ಉಜ್ಜುವಿಕೆಯ ಅಳತೆ) 0.3 ಎಂದು ಇಟ್ಟುಕೊಳ್ಳೋಣ. 90 ಡಿಗ್ರಿಯ ಎರಡು ತಿರುವುಗಳಿದ್ದರೆ, ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ, ಥ್ರಾಟಲ್ ಇರುವ ಭಾಗ) ಕಡೆ ಬೇಕಾದ ಬಲದ ಎರಡೂವರೆ ಪಟ್ಟು ಬಲವನ್ನು ಪೆಡಲ್ ಕಡೆಯಿಂದ ಹಾಕಬೇಕು. ಅಂಥ ನಾಲ್ಕು ತಿರುವುಗಳಿದ್ದರೆ ಆರೂವರೆ ಪಟ್ಟು! ಅದೇ ದಾರಿಯಲ್ಲಿ ಘರ್ಷಣಾಂಕ 0.08ರಷ್ಟಿರುವ ಪಿಟಿಎಫ್‌ಇ ಕೊಳವೆ ಇದ್ದರೆ ಎರಡು ತಿರುವಿಗೆ 1.3 ಪಟ್ಟು, ನಾಲ್ಕಕ್ಕೆ 1.65 ಪಟ್ಟು ಸಾಕು. ಕೇಬಲ್ ಸಾಗುವ ದಾರಿಯನ್ನು ಸರಿಪಡಿಸುವುದು ಎಣ್ಣೆ ಹಾಕುವಷ್ಟೇ ಮುಖ್ಯ ಎನ್ನುವುದು ಇದಕ್ಕಾಗಿ.

ಗಟ್ಟಿಯಾದ ರಿಟರ್ನ್ ಸ್ಪ್ರಿಂಗ್ ಹಾಕಿ ಪೆಡಲನ್ನು ಹಿಂದಕ್ಕೆ ಎಳೆಸುವುದು ಯಾಕೆ ತಪ್ಪು ಎಂಬುದಕ್ಕೂ ಇದೇ ಲೆಕ್ಕ ಉತ್ತರ. ಸ್ಪ್ರಿಂಗ್ ಬಲ ಹೆಚ್ಚಿದಷ್ಟೂ ತಿರುವುಗಳಲ್ಲಿ ತಂತಿ ಕವಚವನ್ನು ಒತ್ತುವ ಬಲವೂ ಹೆಚ್ಚುತ್ತದೆ. ಸವೆತ ಬೆಳೆಯುತ್ತದೆ, ಕಾಲಿಗೆ ಬೀಳುವ ಭಾರ ಏರುತ್ತದೆ, ಕಾರ್ಬ್ಯುರೇಟರಿನ ಥ್ರಾಟಲ್ ದಂಡವೂ ಒಂದು ಬದಿಗೆ ಸವೆಯುತ್ತದೆ. ಕಾರಿಗೆ ಮೊದಲಿನಿಂದ ಇದ್ದ ಬಲದ ಸ್ಪ್ರಿಂಗ್‌ನಲ್ಲೇ ಪೆಡಲ್ ಚುರುಕಾಗಿ ಮರಳಬೇಕು. ಅದಾಗದಿದ್ದರೆ ಎಲ್ಲೋ ದೋಷ ಉಳಿದಿದೆ ಎಂದೇ ಅರ್ಥ.

ಮೊದಲ ಕೆಲಸ: ಮೂರು ಭಾಗ ಮಾಡಿ ನೋಡುವುದು

ಪೆಡಲ್, ಕೇಬಲ್, ಕಾರ್ಬ್ಯುರೇಟರ್ ಈ ಮೂರರಲ್ಲಿ ಯಾವುದು ಬಿಗಿಯಾಗಿದ್ದರೂ ಕಾಲಿಗೆ ಒಂದೇ ರೀತಿ ಅನ್ನಿಸುತ್ತದೆ. ಪರೀಕ್ಷಿಸದೆ ಹೊಸ ಕೇಬಲ್ ತಂದು ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಕೇಬಲನ್ನು ಕಳಚಿ ನೋಡಲು ಸ್ವಲ್ಪವೇ ಹೊತ್ತು ಸಾಕು. ಅಷ್ಟರಲ್ಲಿ ದೋಷವಿರುವ ಭಾಗ ತಿಳಿದುಬಿಡುತ್ತದೆ.

ಎಂಜಿನ್ ಆರಿಸಿ, ತಣ್ಣಗಾಗಲು ಬಿಡಿ. ಗೇರ್ ನ್ಯೂಟ್ರಲ್‌ಗೆ ತನ್ನಿ, ಹ್ಯಾಂಡ್‌ಬ್ರೇಕ್ ಎಳೆಯಿರಿ, ಬ್ಯಾಟರಿಯ ಅರ್ತ್ ತಂತಿ (ಬಾಡಿಗೆ ಸೇರುವ ತಂತಿ) ಕಳಚಿ. ಕೇಬಲ್ ಸಾಗುವ ದಾರಿಯ ಫೋಟೊಗಳನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಯಾವ ಕ್ಲಿಪ್ ಎಲ್ಲಿತ್ತು, ತಂತಿ ಯಾವ ಪೈಪಿನ ಮೇಲಿಂದ ಹೋಗಿತ್ತು ಎಂಬುದು ಕಳಚಿದ ಮೇಲೆ ನೆನಪಿನಲ್ಲಿ ಉಳಿಯುವುದಿಲ್ಲ.

ಈಗ ಕಾರ್ಬ್ಯುರೇಟರ್ ಕಡೆಯ ತುದಿಯನ್ನು ಲಿವರ್‌ನಿಂದ ಬಿಡಿಸಿ. ಬೆರಳಿನಿಂದ ಲಿವರ್ ತಿರುಗಿಸಿ ಬಿಟ್ಟುಬಿಡಿ. ಟಕ್ ಎಂದು ಮುಚ್ಚಿಕೊಂಡರೆ ಕಾರ್ಬ್ಯುರೇಟರ್ ನಿರ್ದೋಷಿ. ನಿಧಾನವಾಗಿ ಮುಚ್ಚಿದರೆ ಅಥವಾ ಕೊನೆಯ ಸ್ವಲ್ಪ ದೂರ ಉಳಿಸಿಕೊಂಡರೆ ಅಲ್ಲೇ ಕೆಲಸವಿದೆ. ನಂತರ ಪೆಡಲ್ ಕಡೆಯ ತುದಿಯನ್ನೂ ಬಿಡಿಸಿ, ಪೆಡಲನ್ನು ಕೈಯಿಂದ ಆಡಿಸಿ. ಕೊನೆಗೆ, ಒಳತಂತಿಯ ಎರಡೂ ತುದಿಗಳನ್ನು ಹಿಡಿದು ಹಿಂದೆ ಮುಂದೆ ಎಳೆಯಿರಿ. ಕೇಬಲ್ ಇನ್ನೂ ಕಾರಿನಲ್ಲಿ ತನ್ನ ದಾರಿಯಲ್ಲೇ ಇರಲಿ. ಆಮೇಲೆ ಕ್ಲಿಪ್‌ಗಳನ್ನು ತೆಗೆದು, ಕೇಬಲನ್ನು ಸಡಿಲವಾಗಿ ನೇರಮಾಡಿ ಮತ್ತೆ ಎಳೆಯಿರಿ. ಕಾರಿನಲ್ಲಿ ಬಿಗಿಯಾಗಿದ್ದು ಹೊರಗೆ ಸಲೀಸಾದರೆ ತಪ್ಪು ಕೇಬಲ್‌ನದಲ್ಲ, ದಾರಿಯದು. ಎರಡೂ ಕಡೆ ಬಿಗಿಯಾಗಿದ್ದರೆ ಕೇಬಲ್ ಕೆಟ್ಟಿದೆ.

ಪೆಡಲ್ ಕಡೆ

ಇಲ್ಲಿ ಹೇಳುವುದು ಹೆಚ್ಚಿಲ್ಲ. ಪೆಡಲ್ ತಿರುಗುವ ಪಿನ್ ತುಕ್ಕು ಹಿಡಿದಿರಬಹುದು, ಬುಷ್ ಸವೆದು ಪೆಡಲ್ ಪಕ್ಕಕ್ಕೆ ವಾಲಿರಬಹುದು. ಪಿನ್ ಹೊರತೆಗೆದು ತುಕ್ಕು ಉಜ್ಜಿ, ಗ್ರೀಸ್ ಸವರಿ ಹಾಕಿ. ಬುಷ್ ಸಡಿಲವಾಗಿದ್ದರೆ ಬದಲಿಸಿ. ಮರೆಯಬಾರದ ಇನ್ನೊಂದು ವಸ್ತು ನೆಲಹಾಸು. ಹೊಸದಾಗಿ ಹಾಕಿಸಿದ ದಪ್ಪ ಕಾರ್ಪೆಟ್ ಅಥವಾ ಶಬ್ದ ತಡೆಯುವ ಹಾಸು ಪೆಡಲಿನ ಬುಡಕ್ಕೆ ತಾಗಿ ಅದನ್ನು ಹಿಡಿದಿಡುವುದುಂಟು. ಪೂರ್ತಿ ಒತ್ತಿದಾಗಲೂ ಪೂರ್ತಿ ಬಿಟ್ಟಾಗಲೂ ಪೆಡಲಿನ ಸುತ್ತ ಬಿಡುವು ಇರಬೇಕು.

ತಂತಿಯ ತುದಿಯ ನಿಪ್ಪಲ್ (ಲೋಹದ ಸಣ್ಣ ಗುಂಡಿ) ಪೆಡಲಿನ ಕೊಕ್ಕೆಯಲ್ಲಿ ತಿರುಗುತ್ತಿದೆಯೇ ನೋಡಿ. ಅದು ಅಂಟಿಕೊಂಡಿದ್ದರೆ ಪ್ರತಿ ಒತ್ತಿಗೂ ತಂತಿ ನಿಪ್ಪಲ್ ಬಳಿ ಬಾಗುತ್ತದೆ, ಎಳೆಗಳು ಒಂದೊಂದಾಗಿ ಮುರಿಯುತ್ತವೆ.

ಕಾರ್ಬ್ಯುರೇಟರ್ ಕಡೆ

ಮೊದಲು ಹೊರಗಿನ ಅಡ್ಡಿಗಳನ್ನು ಹುಡುಕಿ. ಏರ್ ಫಿಲ್ಟರಿನ ಪೆಟ್ಟಿಗೆ ತುಸು ತಿರುಗಿ ಕೂತರೂ ಲಿವರ್‌ಗೆ ತಾಗುತ್ತದೆ. ಅದನ್ನು ತೆಗೆದು ಪರೀಕ್ಷಿಸಿ, ಮತ್ತೆ ಕೂರಿಸಿಯೂ ಪರೀಕ್ಷಿಸಿ. ಚೋಕ್ (ತಣ್ಣಗಿನ ಎಂಜಿನ್ ಶುರುಮಾಡಲು ಎಳೆಯುವ ಗುಂಡಿ) ಪೂರ್ತಿ ಒಳಗಿದ್ದಾಗ ವೇಗದ ಐಡ್ಲಿಂಗ್‌ನ ಕ್ಯಾಮ್‌ಗೂ ಅದರ ಸ್ಕ್ರೂಗೂ ನಡುವೆ ಸಣ್ಣ ಸಂದು ಇರಬೇಕು. ಇಲ್ಲದಿದ್ದರೆ ಥ್ರಾಟಲ್ ಪೂರ್ತಿ ಮುಚ್ಚುವುದಿಲ್ಲ. ನೀವು ಮಾತ್ರ ಕೇಬಲನ್ನೇ ದೂರುತ್ತಿರುತ್ತೀರಿ.

ಎರಡು ಕಾರ್ಬ್ಯುರೇಟರ್ ಇದ್ದರೆ ಅವನ್ನು ಜೋಡಿಸುವ ದಂಡದ ಕ್ಲಾಂಪ್ ಸಡಿಲಿಸಿ, ಒಂದೊಂದನ್ನೂ ಬೇರೆಯಾಗಿ ಆಡಿಸಿ. ಬೇರೆ ಬೇರೆಯಾಗಿ ಸಲೀಸು, ಜೊತೆಯಾಗಿ ಬಿಗಿ ಎಂದಾದರೆ ಜೋಡಣೆ ಓರೆಯಾಗಿದೆ. ಎರಡೂ ದಂಡಗಳು ಒಂದೇ ರೇಖೆಗೆ ಬರುವಂತೆ ಹೊಂದಿಸಿ ಬಿಗಿಮಾಡಿ.

ಥ್ರಾಟಲ್ ಬಿಲ್ಲೆಯೇ ಹಿಡಿಯುತ್ತಿದ್ದರೆ ಕಾರಣಗಳು ಮೂರು. ಮೊದಲನೆಯದು, ಕೊಳವೆಯ ಗೋಡೆಗೂ ದಂಡಕ್ಕೂ ಕಟ್ಟಿದ ಪೆಟ್ರೋಲಿನ ಕಂದು ಅಂಟು. ಕಾರ್ಬ್ಯುರೇಟರ್ ಕ್ಲೀನರ್ ಹಾಗೂ ಮೆತ್ತನೆಯ ಬಟ್ಟೆಯಿಂದ ಒರೆಸಿ, ಆಮೇಲೆ ದಂಡದ ಎರಡೂ ತುದಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಕ್ಲೀನರ್ ಬಣ್ಣಕ್ಕೂ ರಬ್ಬರ್ ಭಾಗಗಳಿಗೂ ಹಾನಿಕರ, ಅವುಗಳ ಮೇಲೆ ಬೀಳದಿರಲಿ. ಎರಡನೆಯದು, ಐಡ್ಲಿಂಗ್ ಸ್ಕ್ರೂವನ್ನು ಅತಿಯಾಗಿ ಹೊರಗೆ ತಿರುಗಿಸಿರುವುದು. ಆಗ ಬಿಲ್ಲೆ ಕೊಳವೆಯೊಳಗೆ ಸಿಕ್ಕಿಕೊಳ್ಳುತ್ತದೆ, ಪೆಡಲ್ ಒತ್ತುವ ಮೊದಲ ಕ್ಷಣದಲ್ಲಿ ಮಾತ್ರ ಗಟ್ಟಿ ಎನ್ನಿಸುತ್ತದೆ. ಮೂರನೆಯದು, ಬಿಲ್ಲೆ ತನ್ನ ಸ್ಥಾನ ಬಿಟ್ಟು ಸರಿದಿರುವುದು. ಅದರ ಸ್ಕ್ರೂಗಳನ್ನು ಸಡಿಲಿಸಿ, ಥ್ರಾಟಲನ್ನು ಮೆಲ್ಲಗೆ ಒಂದೆರಡು ಬಾರಿ ಮುಚ್ಚಿದರೆ ಬಿಲ್ಲೆ ತಾನೇ ಮಧ್ಯಕ್ಕೆ ಬರುತ್ತದೆ. ಆಗ ಸ್ಕ್ರೂ ಬಿಗಿಮಾಡಿ. ಈ ಸ್ಕ್ರೂಗಳ ತುದಿಯನ್ನು ಕಾರ್ಖಾನೆಯಲ್ಲಿ ಅಗಲಿಸಿ ಭದ್ರಪಡಿಸಿರುತ್ತಾರೆ. ಸಾಧ್ಯವಾದರೆ ಹೊಸ ಸ್ಕ್ರೂ ಹಾಕಿ ನೀವೂ ಹಾಗೆಯೇ ಅಗಲಿಸಬೇಕು. ಕಳಚಿ ಬಿದ್ದ ಸ್ಕ್ರೂ ನೇರ ಎಂಜಿನ್ನಿನೊಳಕ್ಕೆ ಹೋಗುತ್ತದೆ. ಧೈರ್ಯ ಸಾಲದಿದ್ದರೆ ಈ ಒಂದು ಕೆಲಸವನ್ನು ಅನುಭವಿಗಳಿಗೆ ಬಿಡುವುದೇ ಒಳ್ಳೆಯದು.

ಕೇಬಲ್: ತೊಳೆದು ಎಣ್ಣೆ ಹಾಕುವುದೇ, ಬದಲಿಸುವುದೇ

ಒಂದು ತುದಿಯಲ್ಲಿ ಸ್ಕ್ರೂ ಕ್ಲಾಂಪ್ ಇರುವ ಕೇಬಲ್ ಆದರೆ ಒಳತಂತಿಯನ್ನು ಪೂರ್ತಿ ಹೊರಗೆ ಎಳೆದುಬಿಡಿ. ತಂತಿಯನ್ನು ತೆಳು ಬಟ್ಟೆಯಲ್ಲಿ ಹಿಡಿದು ತುದಿಯಿಂದ ತುದಿಗೆ ಜಾರಿಸಿ. ಮುರಿದ ಎಳೆ ಇದ್ದರೆ ಬಟ್ಟೆಗೆ ಸಿಕ್ಕುತ್ತದೆ. ಬರಿಗೈ ಬೇಡ, ಆ ಎಳೆಗಳು ಸೂಜಿಯಷ್ಟು ಚೂಪು.

ಒಂದೇ ಒಂದು ಎಳೆ ಮುರಿದಿದ್ದರೂ ಆ ತಂತಿಯನ್ನು ಎಸೆಯಿರಿ. ಇದರಲ್ಲಿ ರಾಜಿ ಬೇಡ. ಬರೀ ಘರ್ಷಣೆಯಾದರೆ ಸ್ಪ್ರಿಂಗ್‌ನ ಬಲದಲ್ಲಿ ಒಂದು ಪಾಲು ಪೆಡಲಿನವರೆಗೆ ತಲುಪುತ್ತದೆ, ಪೆಡಲ್ ಸಾಮಾನ್ಯವಾಗಿ ನಿಧಾನವಾಗಿಯಾದರೂ ಮರಳುತ್ತದೆ. ಮುರಿದ ಎಳೆ ಹಾಗಲ್ಲ. ಅದು ಕವಚದ ಬಾಯಿಗೆ ಕೊಕ್ಕೆಯಾಗಿ ಸಿಕ್ಕಿ ತಂತಿಯನ್ನು ಪೂರ್ತಿ ತಡೆದು ನಿಲ್ಲಿಸಬಲ್ಲದು. ಎಳೆಯನ್ನು ಕತ್ತರಿಸಿ ಅಥವಾ ಬೆಸುಗೆ ಹಾಕಿ ಮುಂದುವರಿಸುವವರಿದ್ದಾರೆ. ಬೆಸುಗೆ ಹಾಕಿದ ಜಾಗ ಬಾಗುವುದಿಲ್ಲ, ಅದರ ಅಂಚಿನಲ್ಲೇ ಉಳಿದ ಎಳೆಗಳೂ ಮುರಿಯಲು ಶುರುವಾಗುತ್ತವೆ.

ಹೊರಕವಚ ಎಲ್ಲಾದರೂ ಮಡಿಸಿಹೋಗಿದ್ದರೆ, ನಜ್ಜುಗುಜ್ಜಾಗಿದ್ದರೆ, ಹೊದಿಕೆ ಕರಗಿದ್ದರೆ, ಅದನ್ನೂ ಉಳಿಸಿಕೊಳ್ಳುವಂತಿಲ್ಲ. ಕವಚದ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿ: ತಂತಿ ಓರೆಯಾಗಿ ಹೊರಡುತ್ತಿದ್ದರೆ ಒಂದು ಬದಿಯಲ್ಲಿ ಗೆರೆ ಕೊರೆದಿರುತ್ತದೆ. ಆ ಗೆರೆಯೇ ಮುಂದೆ ಎಳೆ ಮುರಿಯುವ ಜಾಗ.

ಇಷ್ಟೆಲ್ಲ ಚೆನ್ನಾಗಿದ್ದು ಬರೀ ಒಣಗಿದ್ದರೆ ಅಥವಾ ಕೊಳೆ ತುಂಬಿದ್ದರೆ ಉಳಿಸಬಹುದು. ಆದರೆ ಎಣ್ಣೆ ಹಾಕುವ ಮೊದಲು ಕವಚದ ತುದಿಯಲ್ಲಿ ಒಳಗೊಳವೆ ಕಾಣುತ್ತದೆಯೇ ನೋಡಿ. ಮುಂದಿನದ್ದೆಲ್ಲ ಅದರ ಮೇಲೆ ನಿಂತಿದೆ.

ಒಳಗೊಳವೆ ಇಲ್ಲದ ಕೇಬಲ್‌ಗೆ ಎಣ್ಣೆ ಬೇಕೇ ಬೇಕು. ಕವಚವನ್ನು ಸೀಮೆಎಣ್ಣೆಯಿಂದ ತೊಳೆಯಿರಿ. ಹೊರಬರುವ ದ್ರವ ತಿಳಿಯಾಗುವವರೆಗೆ ತೊಳೆದು, ಪೂರ್ತಿ ಒಣಗಲು ಬಿಡಿ. ಒಳತಂತಿಗೆ ಎಣ್ಣೆ ಸವರಿ ಸೇರಿಸಿ. ನಂತರ ಕೇಬಲನ್ನು ಲಂಬವಾಗಿ ತೂಗುಹಾಕಿ. ಮೇಲಿನ ತುದಿಗೆ ಪ್ಲಾಸ್ಟಿಕ್ ಚೀಲದ ಮೂಲೆಯನ್ನು ಕತ್ತರಿಸಿ, ಆಲಿಕೆಯ ಆಕಾರದಲ್ಲಿ ಸುತ್ತಿ, ಟೇಪ್ ಬಿಗಿಯಿರಿ. ಅದರೊಳಗೆ ತೆಳುವಾದ ಮೆಷಿನ್ ಆಯಿಲ್ ಅಥವಾ ಎಂಜಿನ್ ಆಯಿಲ್ ಸುರಿದು ರಾತ್ರಿಯಿಡೀ ಬಿಡಿ. ಕೆಳಗಿನ ತುದಿಯಿಂದ ಹನಿ ಬೀಳತೊಡಗಿದರೆ ಎಣ್ಣೆ ಉದ್ದಕ್ಕೂ ತಲುಪಿದೆ ಎಂದು ಖಾತ್ರಿ. ನಡುನಡುವೆ ತಂತಿಯನ್ನು ಆಡಿಸುತ್ತಿದ್ದರೆ ಬೇಗ ಇಳಿಯುತ್ತದೆ.

ಪಿಟಿಎಫ್‌ಇ ಕೊಳವೆಯ ಕೇಬಲ್‌ಗೆ ಏನನ್ನೂ ಹಾಕಬೇಡಿ. ಒಣಗಿರುವಾಗಲೇ ಅದು ಚೆನ್ನಾಗಿ ಜಾರುತ್ತದೆ. ನೈಲಾನ್ ಆದರೆ ಸಿಲಿಕೋನ್ ಸ್ಪ್ರೇ ಸ್ವಲ್ಪ ಸಾಕು. ಇವೆರಡಕ್ಕೂ ಗ್ರೀಸ್ ತುಂಬಿದರೆ ಧೂಳು ಸೇರಿ ಉಜ್ಜುವ ಹಿಟ್ಟಾಗುತ್ತದೆ, ಚಳಿಯಲ್ಲಿ ಗಟ್ಟಿಯಾಗಿ ಹೊಸ ಬಿಗಿತ ತರುತ್ತದೆ. ತುಕ್ಕು ಬಿಡಿಸುವ ತೆಳು ಸ್ಪ್ರೇಗಳ ಬಗ್ಗೆಯೂ ಒಂದು ಮಾತು. ನೀರು ಓಡಿಸಲು, ಅಂಟಿದ್ದನ್ನು ಬಿಡಿಸಲು ಅವು ಬಹಳ ಒಳ್ಳೆಯವು. ಆದರೆ ಅವುಗಳ ಹೆಚ್ಚಿನ ಭಾಗ ಆರಿಹೋಗುತ್ತದೆ. ಅಂದು ಸಲೀಸಾದ ಕೇಬಲ್ ಕೆಲವೇ ವಾರಗಳಲ್ಲಿ ಮೊದಲಿನಂತಾದರೆ ಅಚ್ಚರಿಪಡಬೇಕಿಲ್ಲ.

ಹೊಸ ಕೇಬಲ್ ಮಾಡಿಕೊಳ್ಳುವುದು

ನಿಮ್ಮ ಮಾದರಿಗೆ ಸಿದ್ಧ ಕೇಬಲ್ ಸಿಕ್ಕರೆ ಅದನ್ನೇ ಹಾಕಿ. ಹಳೆಯದರ ಪಕ್ಕದಲ್ಲಿಟ್ಟು ಉದ್ದ, ತುದಿಗಳ ಆಕಾರ ಹೋಲಿಸಿದ ಮೇಲೆಯೇ ಕೂರಿಸಿ. ಸ್ಟೀರಿಂಗ್ ಎಡಕ್ಕಿರುವ ಕಾರಿನದ್ದೂ ಬಲಕ್ಕಿರುವ ಕಾರಿನದ್ದೂ ಬೇರೆ ಬೇರೆ ಉದ್ದದವು ಇರಬಹುದು. ಫೋಕ್ಸ್‌ವ್ಯಾಗನ್ ಬೀಟಲ್‌ನಂಥ, ಎಂಜಿನ್ ಹಿಂದಿರುವ ಕಾರುಗಳಲ್ಲಿ ತಂತಿ ನಡುವಿನ ಸುರಂಗದೊಳಗಿನ ಕೊಳವೆಯಲ್ಲಿ ಸಾಗಿ ಕಾರಿನ ಉದ್ದಕ್ಕೂ ಹಿಂದಕ್ಕೆ ಹೋಗುತ್ತದೆ. ಅಂಥಲ್ಲಿ ಅಂದಾಜಿನ ಕೇಬಲ್‌ಗಿಂತ ಅದೇ ಕಾರಿನದ್ದು ಹುಡುಕುವುದು ಜಾಣತನ.

ಸಿಗದಿದ್ದರೆ ಮಾಡಿಕೊಳ್ಳಬಹುದು. ಎರಡು ಅಳತೆ ಮುಖ್ಯ: ಹೊರಕವಚದ ಉದ್ದ, ಮತ್ತು ಕವಚದಿಂದ ಹೊರಗೆ ಉಳಿಯುವ ಒಳತಂತಿಯ ಉದ್ದ. ಎರಡನ್ನೂ ಹಳೆಯ ಕೇಬಲನ್ನು ನೇರವಾಗಿ ಇಟ್ಟು ಅಳೆಯಿರಿ. ಸುಮಾರು 1.5 ಮಿಲಿಮೀಟರ್ ದಪ್ಪದ, ಹಲವು ಎಳೆಗಳ ಬಾಗುವ ತಂತಿ ಬಹುತೇಕ ಕಡೆ ಹೊಂದುತ್ತದೆ. ಹಳೆಯದರ ದಪ್ಪವನ್ನು ಅಳೆದು ಖಚಿತಪಡಿಸಿಕೊಳ್ಳಿ. ಕವಚವನ್ನು ಪಿಟಿಎಫ್‌ಇ ಕೊಳವೆ ಇರುವುದನ್ನೇ ಆರಿಸಿ. ಪಿಟಿಎಫ್‌ಇ ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೈಲಾನ್ ಅದಕ್ಕಿಂತ ಬಹಳ ಮೊದಲೇ ಕರಗುತ್ತದೆ. ಎಂಜಿನ್ ಕೋಣೆಯಲ್ಲಿ ಈ ವ್ಯತ್ಯಾಸ ಬೆಲೆಯುಳ್ಳದ್ದು.

ತಂತಿಯನ್ನು ಕತ್ತರಿಸುವ ಜಾಗಕ್ಕೆ ಮೊದಲು ಟೇಪ್ ಬಿಗಿಯಾಗಿ ಸುತ್ತಿ, ಹರಿತವಾದ ಕೇಬಲ್ ಕಟರ್‌ನಿಂದ ಒಂದೇ ಸಲಕ್ಕೆ ಕತ್ತರಿಸಿ. ಸಾದಾ ಇಕ್ಕಳ ಎಳೆಗಳನ್ನು ಅಪ್ಪಚ್ಚಿ ಮಾಡುತ್ತದೆ, ಮತ್ತೆ ಅದು ಕವಚದೊಳಗೆ ತೂರುವುದಿಲ್ಲ. ಕವಚ ಕತ್ತರಿಸಿದ ಮೇಲೆ ಅದರ ತುದಿಯನ್ನು ಅರದಿಂದ ಸಮತಟ್ಟು ಮಾಡಿ, ಒಳಕ್ಕೆ ಮಡಿಚಿದ ಅಂಚನ್ನು ಚೂಪು ಮೊಳೆಯಿಂದ ಬಿಡಿಸಿ, ತುದಿಗೆ ಲೋಹದ ಟೋಪಿ ಹಾಕಿ.

ನಿಪ್ಪಲ್ ಬೆಸುಗೆ ತಾಳ್ಮೆಯ ಕೆಲಸ. ತಂತಿಯನ್ನು ನಿಪ್ಪಲ್ ಮೂಲಕ ತೂರಿಸಿ, ಆಚೆ ಬಂದ ಎರಡು ಮಿಲಿಮೀಟರಿನಷ್ಟು ತುದಿಯ ಎಳೆಗಳನ್ನು ಹೂವಿನಂತೆ ಅರಳಿಸಿ, ಅದು ನಿಪ್ಪಲ್‌ನ ಕುಳಿಯೊಳಗೆ ಕೂರುವಂತೆ ಹಿಂದಕ್ಕೆ ಎಳೆಯಿರಿ. ಹಿಡಿತ ಕೊಡುವುದು ಈ ಅರಳಿದ ಎಳೆಗಳು. ಬೆಸುಗೆ ಅವನ್ನು ಜಾಗದಲ್ಲಿ ನಿಲ್ಲಿಸುತ್ತದೆ. ಎಣ್ಣೆಯ ಪಸೆ ಪೂರ್ತಿ ತೆಗೆದು, ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ಲೇಪ) ಹಚ್ಚಿ, ಬೆಸುಗೆ ಎಳೆಗಳ ನಡುವೆ ತಾನಾಗಿ ಹರಿಯುವಷ್ಟೇ ಬಿಸಿಮಾಡಿ. ಉಕ್ಕು ನೀಲಿಯಾಗುವಷ್ಟು ಕಾದರೆ ಅದರ ಬಲ ಹೋಗುತ್ತದೆ. ಸ್ಟೇನ್‌ಲೆಸ್ ತಂತಿಗೆ ಸಾಮಾನ್ಯ ಫ್ಲಕ್ಸ್ ಹಿಡಿಯುವುದಿಲ್ಲ, ಆಮ್ಲದ ಫ್ಲಕ್ಸ್ ಬಳಸಿ, ಮುಗಿದ ಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಆರಿದ ಮೇಲೆ ನಿಪ್ಪಲನ್ನು ವೈಸ್‌ಗೆ ಕೊಟ್ಟು ಮೈಬಲ ಹಾಕಿ ಎಳೆದು ನೋಡಿ.

ಅರ್ತ್ ಪಟ್ಟಿಯನ್ನು ನೋಡದೆ ಹೊಸ ಕೇಬಲ್ ಹಾಕಬೇಡಿ

ಹಳೆಯ ಕೇಬಲ್‌ನ ಒಳಗೊಳವೆ ಕರಗಿತ್ತೇ? ತಂತಿ ನೀಲಿಗಟ್ಟಿತ್ತೇ? ಸಮೀಪದಲ್ಲಿ ಎಕ್ಸಾಸ್ಟ್ ಇಲ್ಲದಿದ್ದರೂ ಹೊದಿಕೆ ಬೆಂದಿತ್ತೇ? ಹಾಗಿದ್ದರೆ ಕಾರಣ ವಿದ್ಯುತ್ತಿನದು.

ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕೂತಿರುತ್ತದೆ, ರಬ್ಬರ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಸ್ಟಾರ್ಟರ್ ಎಳೆಯುವ ನೂರಕ್ಕೂ ಹೆಚ್ಚು ಆಂಪಿಯರ್ ಕರೆಂಟ್ ಬ್ಯಾಟರಿಗೆ ಮರಳಲು ಎಂಜಿನ್ನಿಗೂ ಬಾಡಿಗೂ ನಡುವೆ ದಪ್ಪ ಹೆಣೆದ ತಂತಿಯ ಪಟ್ಟಿ ಇರುತ್ತದೆ. ಅದು ತುಕ್ಕು ಹಿಡಿದರೆ, ಅಥವಾ ಎಂಜಿನ್ ಇಳಿಸಿ ಏರಿಸುವಾಗ ಹಾಕಲು ಮರೆತರೆ, ಕರೆಂಟ್ ಸಿಕ್ಕಿದ ದಾರಿ ಹಿಡಿಯುತ್ತದೆ. ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್ ಎರಡೂ ಅಂಥ ದಾರಿಗಳು. ತೆಳು ತಂತಿ ಕೆಂಡದಂತೆ ಕಾದು ಒಳಗೊಳವೆಯನ್ನು ಕರಗಿಸುತ್ತದೆ. ಪ್ರತಿ ಸ್ಟಾರ್ಟ್‌ನಲ್ಲೂ ಸ್ವಲ್ಪ ಸ್ವಲ್ಪ. ಒಂದರ ಹಿಂದೊಂದು ಕೇಬಲ್ ಬದಲಿಸುತ್ತಲೇ ಹೋದರೂ ಬಿಗಿತ ಮರಳಿ ಬರುವುದು ಇದರಿಂದ.

ಪರೀಕ್ಷೆ ಹೀಗೆ. ಆಕ್ಸಿಲರೇಟರ್, ಚೋಕ್ ಕೇಬಲ್‌ಗಳನ್ನು ಕಳಚಿಟ್ಟು, ಬ್ಯಾಟರಿ ಜೋಡಿಸಿ, ಇಗ್ನಿಷನ್ ಕಾಯಿಲ್‌ಗೆ ವಿದ್ಯುತ್ ಕೊಡುವ ತೆಳು ತಂತಿಯನ್ನು ತೆಗೆದು ಎಂಜಿನ್ ಶುರುವಾಗದಂತೆ ಮಾಡಿ. ವೋಲ್ಟ್‌ಮೀಟರಿನ ಒಂದು ಮೊನೆಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ, ಇನ್ನೊಂದನ್ನು ಬಾಡಿಯ ಬರಿಯ ಲೋಹಕ್ಕೆ ಹಿಡಿಯಿರಿ. ಜೊತೆಯವರು ಸ್ಟಾರ್ಟರ್ ತಿರುಗಿಸಲಿ. ಮೀಟರ್ 0.1 ಅಥವಾ 0.2 ವೋಲ್ಟ್ ತೋರಿಸಿದರೆ ಪಟ್ಟಿ ಚೆನ್ನಾಗಿದೆ. ಅರ್ಧ ವೋಲ್ಟ್ ದಾಟಿದರೆ ಪಟ್ಟಿಯ ಎರಡೂ ತುದಿ ಬಿಚ್ಚಿ, ಬಣ್ಣ ಮತ್ತು ತುಕ್ಕು ಕೆರೆದು ಹೊಳೆಯುವ ಲೋಹಕ್ಕೆ ಬಿಗಿಯಿರಿ. ಇಲ್ಲವೇ ಹೊಸ ಪಟ್ಟಿ ಹಾಕಿ. 1960ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರುತ್ತದೆ. ಅಲ್ಲಿ ಮೀಟರಿನ ಚಿಹ್ನೆ ಉಲ್ಟಾ ಬರುತ್ತದೆ, ಲೆಕ್ಕ ಅದೇ.

ಕೂರಿಸುವುದು, ಹೊಂದಿಸುವುದು

ಕೇಬಲನ್ನು ಅಗಲವಾದ, ಮೃದುವಾದ ತಿರುವುಗಳಲ್ಲಿ ಸಾಗಿಸಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ ದೂರ, ಸ್ಟೀರಿಂಗ್ ದಂಡಕ್ಕೂ ಫ್ಯಾನಿಗೂ ತಾಗದಂತೆ. ಕ್ಲಿಪ್‌ಗಳು ಕವಚವನ್ನು ಹಿಡಿದಿರಬೇಕು, ಹಿಸುಕಬಾರದು. ತಗಡಿನ ಅಡ್ಡಗೋಡೆಯ ಬಳಿಯೂ ಕಾರ್ಬ್ಯುರೇಟರ್ ಬಳಿಯೂ ತಂತಿ ಕವಚದಿಂದ ನೇರ ರೇಖೆಯಲ್ಲಿ ಹೊರಡಬೇಕು. ಎಂಜಿನ್ ತನ್ನ ಮೌಂಟಿನ ಮೇಲೆ ಅಲುಗುತ್ತದೆ, ಅದಕ್ಕಾಗಿ ಕೇಬಲ್‌ನಲ್ಲಿ ತುಸು ಸಡಿಲ ಉಳಿಸಿ. ಮೌಂಟ್ ಕುಸಿದಿದ್ದರೆ ಮೊದಲು ಅದನ್ನು ಬದಲಿಸಿ, ಇಲ್ಲದಿದ್ದರೆ ಗೇರ್ ಹಾಕಿ ಹೊರಡುವಾಗಲೆಲ್ಲ ಎಂಜಿನ್ ವಾಲಿ ತಂತಿಯನ್ನು ಎಳೆಯುತ್ತದೆ.

ಲಿವರ್‌ನಲ್ಲಿರುವ, ತಂತಿಯನ್ನು ಸ್ಕ್ರೂವಿನಿಂದ ಹಿಡಿಯುವ ಸಣ್ಣ ಗುಂಡು ಪಿನ್ ತನ್ನ ರಂಧ್ರದಲ್ಲಿ ಸರಾಗವಾಗಿ ತಿರುಗಬೇಕು. ಅದಕ್ಕೊಂದು ಹನಿ ಎಣ್ಣೆ. ಸ್ಕ್ರೂ ಬಿಗಿಮಾಡುವಾಗ ಪಿನ್ನನ್ನು ಇನ್ನೊಂದು ಸ್ಪ್ಯಾನರ್‌ನಿಂದ ಹಿಡಿದುಕೊಳ್ಳಿ, ತಂತಿ ತಿರುಚಿಕೊಳ್ಳದಿರಲಿ.

ಪೆಡಲ್ ಪೂರ್ತಿ ಬಿಟ್ಟಾಗ ತಂತಿಯಲ್ಲಿ ಒಂದೆರಡು ಮಿಲಿಮೀಟರ್ ಸಡಿಲ ಇರಲಿ. ಈಗ ಜೊತೆಯವರು ಪೆಡಲನ್ನು ತಳಮುಟ್ಟ ಒತ್ತಿ ಹಿಡಿಯಲಿ. ಥ್ರಾಟಲ್ ಪೂರ್ತಿ ತೆರೆದಿರಬೇಕು, ಅದೇ ಹೊತ್ತಿಗೆ ಪೆಡಲ್ ತನ್ನ ತಡೆಗೆ ತಾಗಿರಬೇಕು. ಕಾಲಿನ ಭಾರವನ್ನು ಹೊರಬೇಕಾದದ್ದು ನೆಲದ ತಡೆ, ತಂತಿಯಲ್ಲ. ಈ ಹೊಂದಾಣಿಕೆ ತಪ್ಪಿದ್ದರೆ ಎಷ್ಟು ಒಳ್ಳೆಯ ಕೇಬಲ್ ಕೂಡ ಬೇಗ ಹರಿಯುತ್ತದೆ.

ಎಂಜಿನ್ ಆರಿರುವಾಗಲೇ ಪೆಡಲನ್ನು ನಿಧಾನವಾಗಿ, ವೇಗವಾಗಿ, ಅರ್ಧಕ್ಕೆ, ಪೂರ್ತಿಗೆ ಒತ್ತಿ ಬಿಡುತ್ತಾ ಹೋಗಿ. ಎಲ್ಲಿಂದ ಬಿಟ್ಟರೂ ಒಂದೇ ಚುರುಕಿನಲ್ಲಿ ಮರಳಬೇಕು. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಬಾನೆಟ್ ಮುಚ್ಚಿ ಮತ್ತೆ ನೋಡಿ. ಆಮೇಲೆ ಕಾಯಿಲ್‌ನ ತಂತಿ ಜೋಡಿಸಿ ಎಂಜಿನ್ ಶುರುಮಾಡಿ. ಬಿಸಿಯಾದ ಮೇಲೂ ಇದೇ ಪರೀಕ್ಷೆ ಮಾಡಿ, ಕೆಲವು ಥ್ರಾಟಲ್‌ಗಳು ಬಿಸಿಯಲ್ಲಿ ಮಾತ್ರ ಹಿಡಿಯುತ್ತವೆ. ಹೊಸ ಕವಚ ಮೊದಲ ಕೆಲವು ದಿನ ತುಸು ಒತ್ತಿಕೊಂಡು ಕುಳಿತುಕೊಳ್ಳುತ್ತದೆ, ಸಡಿಲ ಹೆಚ್ಚಾದಂತೆ ಕಾಣುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿಸಿದ ನಂತರ ಸಡಿಲವನ್ನು ಮತ್ತೆ ಅಳೆದು, ಲಿವರ್‌ನ ಸ್ಕ್ರೂವನ್ನು ಇನ್ನೊಮ್ಮೆ ಬಿಗಿದು ನೋಡಿ.